ಹಿತ್ತಲ ಬೇಸಾಯ ಶುರು ಮಾಡುವವರಿಗೆ ನಾಲ್ಕು ಮಾತು

(ರಜತ ಮಹೋತ್ಸವದ ಅಂಗವಾಗಿ ನಡೆದ ಸದಸ್ಯರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಆಡಿದ ಮಾತುಗಳ ಬರಹರೂಪ)



ನಮ್ಮ ಸಂಘಕ್ಕೆ 25 ವರ್ಷ ತುಂಬಿದ ಈ ಸಂತೋಷದ ಕಾಲದಲ್ಲಿ ಸಹಕಾರ ತತ್ವದ ಬಗ್ಗೆ ಮಾತಾಡಲು ನನಗಿಂತ ತಿಳಿದವರು ಈ ವೇದಿಕೆ ಮೇಲೆ ಇದ್ದಾರೆ. ನಾನು ಬೇಸಾಯಗಾರ. ನನಗೆ ಗೊತ್ತಿರುವುದು ಮಣ್ಣಿನ ವಿಷಯ. ಆದ್ದರಿಂದ ಹಿತ್ತಲ ಬೇಸಾಯದ ಬಗ್ಗೆ ನಾಲ್ಕು ಮಾತು ಹೇಳಲು ಅನುಮತಿ ಕೇಳಿದೆ. ಅಧ್ಯಕ್ಷರು ದೊಡ್ಡ ಮನಸ್ಸಿನಿಂದ ಒಪ್ಪಿದರು. ಅವರಿಗೆ ವಂದನೆ.

ಈ ವಿಷಯವನ್ನೇ ಯಾಕೆ ಆರಿಸಿಕೊಂಡೆ ಅಂದರೆ ಅದಕ್ಕೆ ಕಾರಣ ಇದೆ. 2020ರ ಮಾರ್ಚ್ ತಿಂಗಳಲ್ಲಿ ಲಾಕ್‌ಡೌನ್ ಆಗಿ ಬೆಂಗಳೂರಿಗೆ ಹೋಗಿದ್ದ ನಮ್ಮ ಹುಡುಗರು ಊರಿಗೆ ವಾಪಸು ಬಂದರಲ್ಲ, ಅವತ್ತಿನಿಂದ ಮಂಡಳಿ ಮುಂದೆ ಒಂದು ತರಹದ ಸಾಲದ ಅರ್ಜಿ ಜಾಸ್ತಿಯಾಗಿದೆ. ‘ಎರಡು ಸೀಮೆ ಹಸು, ನೂರು ಕೋಳಿ, ಒಂದು ಶೆಡ್ಡು’ ಅಂತ ಒಟ್ಟಿಗೇ ಬರೆದಿರುತ್ತಾರೆ. ಅರ್ಜಿದಾರನನ್ನು ಕರೆದು, ‘ಮನೆಯಲ್ಲಿ ಈಗ ಏನಪ್ಪಾ ಇದೆ?’ ಅಂತ ಕೇಳಿದರೆ, ‘ಏನೂ ಇಲ್ಲ ಅಣ್ಣ, ಹೊಸದಾಗಿ ಶುರು ಮಾಡಬೇಕು’ ಅನ್ನುತ್ತಾನೆ. ಆಸೆ ಒಳ್ಳೆಯದೇ. ಆದರೆ ಕೊತ್ತಂಬರಿ ಬೆಳೆದು ಅಭ್ಯಾಸ ಇಲ್ಲದವನು ಹತ್ತು ಲೀಟರ್ ಹಸು ಕಟ್ಟಿದರೆ ಏನಾಗುತ್ತದೆ ಅನ್ನುವುದನ್ನು ನಾವು ಸುಸ್ತಿ ಪಟ್ಟಿಯಲ್ಲಿ ನೋಡುತ್ತಾ ಇದ್ದೇವೆ. ಸಂಘದ ದುಡ್ಡು ಅಂದರೆ ಸರ್ಕಾರದ ದುಡ್ಡಲ್ಲ, ನಿಮ್ಮದೇ ಷೇರು, ನಿಮ್ಮದೇ ಠೇವಣಿ. ಒಬ್ಬ ಎಡವಿದರೆ ಅವನ ಮನೆಯೂ ಹೋಗುತ್ತದೆ, ಜಾಮೀನು ಹಾಕಿದವನ ಮುಖವೂ ಕೆಡುತ್ತದೆ. ಅದಕ್ಕೇ ಈ ಮಾತು.

ಇನ್ನೊಂದು ಲೆಕ್ಕ ನೋಡಿ. ಒಂದು ಮನೆಯವರು ಸಂತೆಯಲ್ಲಿ ತರಕಾರಿ, ಸೊಪ್ಪಿಗೆ ವಾರಕ್ಕೆ 200 ರೂಪಾಯಿ ಕೊಡುತ್ತಾರೆ ಅಂತ ಇಟ್ಟುಕೊಳ್ಳಿ. ವರ್ಷಕ್ಕೆ 52 ವಾರ, 10,400 ರೂಪಾಯಿ ಆಯಿತು. ಅಂಥ 300 ಮನೆ ಸೇರಿದರೆ 31 ಲಕ್ಷದ 20 ಸಾವಿರ. ಬೆಳೆಯುವ ಊರಿನ ದುಡ್ಡು ಬೆಳೆದದ್ದನ್ನು ಕೊಳ್ಳಲು ಹೊರಗೆ ಹೋಗುತ್ತಿದೆ! ಅದರಲ್ಲಿ ಅರ್ಧ ಊರಲ್ಲೇ ಉಳಿದರೂ 15 ಲಕ್ಷಕ್ಕೆ ಮೇಲಾಯಿತು. ಹಿಂದೆ ನಮ್ಮ ಅಜ್ಜಿಯಂದಿರು ಸಂತೆಯಿಂದ ಉಪ್ಪು, ಬೆಲ್ಲ ತರಿಸುತ್ತಿದ್ದರೇ ಹೊರತು ಸೊಪ್ಪು ತರಿಸುತ್ತಿರಲಿಲ್ಲ. ಈಗ ಆರ್.ಸಿ.ಸಿ. ಮನೆ ಕಟ್ಟಿ ಹಿತ್ತಲಿಗೆಲ್ಲ ಸಿಮೆಂಟು ಬಳಿದು, ಹಬ್ಬದ ದಿನ ಕರಿಬೇವಿಗೆ ಪಕ್ಕದ ಮನೆ ಬಾಗಿಲು ತಟ್ಟುತ್ತೇವೆ.

ಆರೋಗ್ಯದ ಮಾತು ಬೇರೆ. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ಸರಿಸುಮಾರು ಅರ್ಧದಷ್ಟು ಹೆಂಗಸರಿಗೆ ರಕ್ತಹೀನತೆ ಇದೆ ಅಂತ ಕಂಡುಬಂತು. ಒಬ್ಬ ವಯಸ್ಕರಿಗೆ ದಿನಕ್ಕೆ 300ರಿಂದ 400 ಗ್ರಾಂ ಸೊಪ್ಪು ತರಕಾರಿ ಬೇಕು ಅಂತ ತಿಳಿದವರು ಹೇಳುತ್ತಾರೆ. ಐದು ಜನರ ಮನೆಗೆ ದಿನಕ್ಕೆ ಒಂದೂವರೆಯಿಂದ ಎರಡು ಕೆಜಿ. ಇಷ್ಟನ್ನು ಕೊಂಡು ತಿನ್ನುವ ಶಕ್ತಿ ಎಷ್ಟು ಮನೆಗಿದೆ? ಬೆಳೆದುಕೊಂಡರೆ ಇದೆ.

ಸರಿ, ಹೇಗೆ ಶುರು ಮಾಡಬೇಕು? ನಾನು ಹೇಳುವ ಕ್ರಮ ಇಷ್ಟೇ: ಮೊದಲು ನೀರು ಮತ್ತು ಮಣ್ಣು, ಆಮೇಲೆ ಸೊಪ್ಪು ತರಕಾರಿ, ಜೊತೆಯಲ್ಲೇ ನಾಲ್ಕು ಮರ, ಎರಡನೇ ವರ್ಷ ಕೋಳಿ, ಕಟ್ಟಕಡೆಗೆ ಹಸು. ಈ ಕ್ರಮ ತಪ್ಪಿಸಬೇಡಿ.

ಜಾಗ ಒಂದು ಗುಂಟೆ ಇದ್ದರೆ ಸಾಕು. ಒಂದು ಗುಂಟೆ ಅಂದರೆ 33 ಅಡಿಗೆ 33 ಅಡಿ, 1,089 ಚದರ ಅಡಿ. ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳುವ ಜಾಗ ಆಗಿರಬೇಕು. ಉತ್ತರದ ಕಡೆ 8 ಅಡಿ ಪಟ್ಟಿ ಬಿಟ್ಟುಬಿಡಿ. ಮರಗಳು, ಗೊಬ್ಬರದ ಗುಂಡಿ, ಕೋಳಿ ಗೂಡು ಅಲ್ಲಿಗೆ. ಮರ ಉತ್ತರಕ್ಕಿದ್ದರೆ ಚಳಿಗಾಲದಲ್ಲಿ ನೆರಳು ಪಾತಿ ಮೇಲೆ ಬೀಳುವುದಿಲ್ಲ. ಉಳಿದ 25 ಅಡಿ ಉದ್ದಕ್ಕೆ 4 ಅಡಿ ಅಗಲದ ಪಾತಿ, ನಡುವೆ ಒಂದೂವರೆ ಅಡಿ ಕಾಲುದಾರಿ. ಹೀಗೆ ಹಾಕಿದರೆ 33 ಅಡಿಯಲ್ಲಿ ಸರಿಯಾಗಿ ಆರು ಪಾತಿ ಬರುತ್ತದೆ. ಒಂದೊಂದು ಪಾತಿ 100 ಚದರ ಅಡಿ. 4 ಅಡಿಗಿಂತ ಅಗಲ ಮಾಡಬೇಡಿ, ಎರಡೂ ಕಡೆಯಿಂದ ಕೈ ನಡುವಿಗೆ ಎಟುಕಬೇಕು. ಪಾತಿಯನ್ನು ತುಳಿದರೆ ಮಣ್ಣು ಗಟ್ಟಿಯಾಗುತ್ತದೆ.

ಆರು ಪಾತಿಗೆ ಜಾಗ ಇದೆ ಅಂತ ಆರನ್ನೂ ಒಂದೇ ಸಲ ಅಗೆಯಬೇಡಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವ ಹಾಗೆ, ನೀರು ಇದ್ದಷ್ಟು ಪಾತಿ. ಬೇಸಿಗೆಯಲ್ಲಿ 100 ಚದರ ಅಡಿ ಪಾತಿಗೆ ದಿನಕ್ಕೆ 40ರಿಂದ 50 ಲೀಟರ್ ನೀರು ಬೇಕು, ಅಂದರೆ ನಮ್ಮ ಬಿಂದಿಗೆಯಲ್ಲಿ ಮೂರು ನಾಲ್ಕು. ಆರು ಪಾತಿಗೆ ಲೆಕ್ಕ ಹಾಕಿ, 300 ಲೀಟರ್‌ವರೆಗೂ ಹೋಗುತ್ತದೆ. ಬೀದಿ ನಲ್ಲಿಯಿಂದ ಹೊತ್ತು ತರುವುದು ಯಾರು? ಮನೆ ಹೆಂಗಸರೇ ತಾನೇ? ಗಂಡಸರು ಪಾತಿ ಅಗೆದು ಫೋಟೋ ತೆಗೆಸಿಕೊಂಡು, ನೀರು ಹೊರುವ ಕೆಲಸ ಹೆಂಡತಿಗೆ ಬಿಟ್ಟರೆ ಆ ತೋಟ ಒಂದು ತಿಂಗಳೂ ಬಾಳುವುದಿಲ್ಲ. ಅದಕ್ಕೆ ಮೊದಲ ಹಂಗಾಮಿಗೆ ಎರಡೇ ಪಾತಿ. ಅದು ಕೈಗೆ ಹತ್ತಿದ ಮೇಲೆ ಮುಂದಿನದು.

ಬಚ್ಚಲ ನೀರನ್ನು ಚರಂಡಿಗೆ ಬಿಡಬೇಡಿ. ಅದನ್ನು ಬಾಳೆ, ತೆಂಗು, ಕೆಸುವಿನ ಬುಡಕ್ಕೆ ತಿರುಗಿಸಿ. ಸೊಪ್ಪಿನ ಪಾತಿಗೆ ಮಾತ್ರ ಸೋಪಿನ ನೀರು ಬೇಡ. ಮಳೆ ನೀರಿನ ಲೆಕ್ಕವನ್ನೂ ತಿಳಿದಿರಿ. ಒಂದು ಚದರ ಮೀಟರ್ ಸೂರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 1,000 ಚದರ ಅಡಿ ಮನೆ ಅಂದರೆ 93 ಚದರ ಮೀಟರ್. ವರ್ಷಕ್ಕೆ 600 ಮಿ.ಮೀ. ಮಳೆ ಬೀಳುವ ಕಡೆ, ನೂರಕ್ಕೆ ಇಪ್ಪತ್ತು ಭಾಗ ಸೋರಿ ಆರಿ ಹೋದರೂ, 44 ಸಾವಿರ ಲೀಟರ್ ನಿಮ್ಮ ತಲೆಯ ಮೇಲಿಂದಲೇ ಹರಿದು ಹೋಗುತ್ತದೆ. ಎರಡು ಡ್ರಮ್ಮಿನಲ್ಲಿ ಹಿಡಿಯುವಷ್ಟು ಹಿಡಿಯಿರಿ. ಮಿಕ್ಕಿದ್ದನ್ನು ಜಲ್ಲಿ ತುಂಬಿದ ಇಂಗುಗುಂಡಿಗೆ ಬಿಡಿ.

ಇನ್ನು ಮಣ್ಣು. ಮನೆ ಕಟ್ಟಿದ ಹಿತ್ತಲಲ್ಲಿ ಗಾರೆ, ಸುಣ್ಣ, ಜಲ್ಲಿ ಸೇರಿಕೊಂಡಿರುತ್ತದೆ. ಮೊದಲು ಅದನ್ನು ಆರಿಸಿ ತೆಗೆಯಿರಿ. ಒಂದು ಅಡಿ ಆಳ ಅಗೆದು ಹತ್ತು ದಿನ ಬಿಸಿಲಿಗೆ ಬಿಡಿ. ಕಳಿತ ಕೊಟ್ಟಿಗೆ ಗೊಬ್ಬರ ಸೇರಿಸಿ. ಕಳಿತದ್ದು ಅಂತ ಒತ್ತಿ ಹೇಳುತ್ತೇನೆ. ಹಸಿ ಸಗಣಿ ಹಾಕಿದರೆ ಗೆದ್ದಲು, ಗೊಣ್ಣೆ ಹುಳುವಿಗೆ ನೀವೇ ಕರೆದು ಊಟ ಹಾಕಿದ ಹಾಗೆ. ಹಸು ಇಲ್ಲದವರು ಚಿಂತಿಸಬೇಡಿ, ಮೊದಲ ವರ್ಷಕ್ಕೆ ನೆರೆಯವರಲ್ಲಿ ಅರ್ಧ ಗಾಡಿ ಗೊಬ್ಬರ ಕೇಳಿ. ಅಷ್ಟರಲ್ಲಿ 6 ಅಡಿ ಉದ್ದ, 3 ಅಡಿ ಅಗಲ, 3 ಅಡಿ ಆಳದ ಗುಂಡಿ ತೆಗೆದು ತರಕಾರಿ ಸಿಪ್ಪೆ, ಒಣಗಿದ ಎಲೆ, ಹೊಂಗೆ ಸೊಪ್ಪು, ಒಲೆಯ ಬೂದಿ ಪದರ ಪದರವಾಗಿ ಹಾಕಿ, ಮೇಲೆ ಸಗಣಿ ಬಗ್ಗಡ ಚಿಮುಕಿಸಿ. ತಿಂಗಳಿಗೊಮ್ಮೆ ತಿರುವಿ ಹಾಕಿದರೆ ಮೂರು ನಾಲ್ಕು ತಿಂಗಳಿಗೆ ಕರಿ ಗೊಬ್ಬರ ಸಿಗುತ್ತದೆ. ಪ್ಲಾಸ್ಟಿಕ್ ಕವರು ಮಾತ್ರ ಒಂದೂ ಬೀಳಕೂಡದು. ಬೇಲಿಗೆ ಗ್ಲಿರಿಸಿಡಿಯಾ ನೆಟ್ಟರೆ ಬೇಲಿಯೂ ಆಯಿತು, ಹಸಿರು ಗೊಬ್ಬರವೂ ಆಯಿತು.

ಬಿತ್ತನೆಗೆ ಬರೋಣ. ಹೊಸಬರು ಸೊಪ್ಪಿನಿಂದಲೇ ಶುರು ಮಾಡಿ. ಮೆಂತ್ಯ, ಹರಿವೆ, ದಂಟು 25-30 ದಿನಕ್ಕೆ ಕೈಗೆ ಬರುತ್ತದೆ. ಮೊದಲ ತಿಂಗಳೇ ಬೆಳೆ ಕಂಡರೆ ಮನಸ್ಸಿಗೂ ಹುರುಪು. ಕೊತ್ತಂಬರಿ ಬೀಜವನ್ನು ಉಜ್ಜಿ ಎರಡು ಬೇಳೆ ಮಾಡಿ ಬಿತ್ತಬೇಕು, ಇಡಿಯಾಗಿ ಹಾಕಿದರೆ ಮೊಳಕೆ ನಿಧಾನ. ಹರಿವೆ ಬೀಜ ಸಣ್ಣದು, ಮರಳು ಬೆರೆಸಿ ಎರಚಿದರೆ ಒಂದೇ ಕಡೆ ಬೀಳುವುದಿಲ್ಲ. ಆಮೇಲೆ ಬೆಂಡೆ ಮತ್ತು ಹುರುಳಿಕಾಯಿ, ಎರಡೂ 45-50 ದಿನಕ್ಕೆ ಕಾಯಿ ಬಿಡುತ್ತವೆ. ಬದನೆ, ಟೊಮೇಟೊ, ಮೆಣಸಿನಕಾಯಿಗೆ ಒಟ್ಲು ಹಾಕಿ, 25-30 ದಿನದ ಸಸಿಯನ್ನು ಸಾಯಂಕಾಲದ ಹೊತ್ತು ನಾಟಿ ಮಾಡಬೇಕು. ಈ ಮೂರೂ ಒಂದೇ ಜಾತಿಗೆ ಸೇರಿದವು, ಒಂದೇ ರೋಗ ಹಂಚಿಕೊಳ್ಳುತ್ತವೆ. ಒಂದಾದ ಮೇಲೆ ಒಂದನ್ನು ಅದೇ ಪಾತಿಯಲ್ಲಿ ಹಾಕಬೇಡಿ. ನಡುವೆ ಅಲಸಂದೆಯೋ ಹುರುಳಿಕಾಯಿಯೋ ಬರಲಿ, ಮಣ್ಣಿಗೂ ಬಲ. ಅವರೆ, ಹೀರೆ, ಪಡವಲ, ಸೋರೆಯನ್ನು ಬೇಲಿಗೋ ಚಪ್ಪರಕ್ಕೋ ಹಬ್ಬಿಸಿ, ಪಾತಿ ಉಳಿಯುತ್ತದೆ.

ಒಂದೇ ದಿನ ಎಲ್ಲಾ ಪಾತಿಗೂ ಮೆಂತ್ಯ ಎರಚಿದರೆ ಒಂದು ವಾರ ಮನೆ ತುಂಬ ಮೆಂತ್ಯ, ಆಮೇಲೆ ಎರಡು ತಿಂಗಳು ಸಂತೆ. ಪಾತಿಗಳು ಆರಾದ ಮೇಲೆ 15 ದಿನಕ್ಕೆ ಒಂದರಂತೆ ಬಿತ್ತುತ್ತಾ ಹೋಗಿ. ಮೂರು ತಿಂಗಳಿಗೆ ಒಂದು ಸುತ್ತು ಆಗುತ್ತದೆ. ಆವಾಗ ಒಂದು ಪಾತಿ ಮುಗಿಯುವಾಗ ಇನ್ನೊಂದು ತಯಾರಾಗಿರುತ್ತದೆ.

ಕಳೆ ಕೀಳುವ ಉತ್ಸಾಹದಲ್ಲಿ ಬೆರಕೆ ಸೊಪ್ಪನ್ನೂ ಕಿತ್ತು ಬಿಸಾಡಬೇಡಿ. ಅಣ್ಣೆಸೊಪ್ಪು, ಗೋಣಿಸೊಪ್ಪು, ಹೊನಗೊನ್ನೆ, ಇವೆಲ್ಲ ಬೀಜ ಹಾಕದೆ, ನೀರು ಕೇಳದೆ ತಾನಾಗಿ ಬರುವ ಸೊಪ್ಪು. ಬಸ್ಸಾರು, ಮಸ್ಸೊಪ್ಪಿಗೆ ಇದಕ್ಕಿಂತ ರುಚಿ ಯಾವುದಿದೆ? ಹಿತ್ತಲ ಗಿಡ ಮದ್ದಲ್ಲ ಅನ್ನುವ ಗಾದೆಯನ್ನು ನಾವು ನಿಜ ಮಾಡುತ್ತಾ ಇದ್ದೇವೆ. ನಮ್ಮ ಹೆಣ್ಣುಮಕ್ಕಳಿಗೆ ಗುರುತು ಸಿಗದೆ ಹೋದರೆ ಮುಂದಿನವರಿಗೆ ಈ ಸೊಪ್ಪು ಬರೀ ಕಳೆ. ಅಜ್ಜಿಯಂದಿರು ಇರುವಾಗಲೇ ಕೇಳಿ ತಿಳಿಯಿರಿ. ಸೊಪ್ಪಿನ ಸಾರಿನ ಊಟಕ್ಕೆ ಅರ್ಧ ಹೋಳು ನಿಂಬೆ ಹಿಂಡಿಕೊಳ್ಳಿ, ಸೊಪ್ಪಿನ ಕಬ್ಬಿಣದ ಅಂಶ ಮೈಗೆ ಹತ್ತುತ್ತದೆ. ಉಂಡ ಕೂಡಲೇ ಕಾಫಿ, ಟೀ ಕುಡಿದರೆ ಹತ್ತುವುದಿಲ್ಲ.

ಹುಳುವಿನ ಕಾಟ ಬಂದೇ ಬರುತ್ತದೆ. ಹೊಲಕ್ಕೆ ಹೊಡೆಯುವ ಔಷಧದ ಡಬ್ಬಿಯನ್ನು ದಯವಿಟ್ಟು ಹಿತ್ತಲಿಗೆ ತರಬೇಡಿ. ಬೆಳಿಗ್ಗೆ ಹೊಡೆದು ಸಾಯಂಕಾಲ ಕಿತ್ತು ಸಾರು ಮಾಡುವ ಜಾಗ ಅದು, ಮಕ್ಕಳು ಆಡುವ ಜಾಗ. ಹೇನು ಕಂಡರೆ ಬೆಳಗಿನ ಇಬ್ಬನಿಯಲ್ಲೇ ಒಲೆ ಬೂದಿ ಉದುರಿಸಿ. ಎಲೆ ತಿನ್ನುವ ಹುಳಕ್ಕೆ 50 ಗ್ರಾಂ ಬೇವಿನ ಬೀಜದ ತಿರುಳು ಕುಟ್ಟಿ, ಒಂದು ಲೀಟರ್ ನೀರಲ್ಲಿ ರಾತ್ರಿ ನೆನೆಸಿ, ಬಟ್ಟೆಯಲ್ಲಿ ಸೋಸಿ, ಚೂರು ಸೋಪು ಕದಡಿ, ಸಂಜೆ ಹೊತ್ತು ಸಿಂಪಡಿಸಿ. ವಾರಕ್ಕೊಮ್ಮೆ ಎಲೆ ತಿರುಗಿಸಿ ಅಡಿಭಾಗ ನೋಡುವ ಅಭ್ಯಾಸ ಇದ್ದರೆ ಅರ್ಧ ರೋಗ ಅಲ್ಲೇ ಹೋಯಿತು.

ಮರಗಳಿಗೆ ಏಪ್ರಿಲ್-ಮೇ ತಿಂಗಳಲ್ಲೇ ಗುಂಡಿ ತೆಗೆದು ಬಿಸಿಲು ಕಾಯಿಸಿ. ಮೃಗಶಿರ ಮಳೆ ಹಿಡಿದ ಮೇಲೆ ಸಸಿ ನೆಡಿ. ಒಂದು ಗುಂಟೆಗೆ ಒಂದು ನುಗ್ಗೆ, ಒಂದು ಕರಿಬೇವು, ಒಂದು ನಿಂಬೆ, ಎರಡು ಪಪ್ಪಾಯಿ, ಬಚ್ಚಲ ಬಾಯಿಗೆ ಎರಡು ಏಲಕ್ಕಿ ಬಾಳೆ. ಇಷ್ಟು ಸಾಕು. ತಮಿಳುನಾಡಿನ ಪೆರಿಯಕುಳಂನಿಂದ ಬಂದ ಪಿಕೆಎಂ-1 ನುಗ್ಗೆಯನ್ನು ಬೀಜದಿಂದಲೇ ಬೆಳೆಸಬಹುದು, ಆರೆಂಟು ತಿಂಗಳಿಗೆ ಕಾಯಿ ಕಾಣುತ್ತದೆ. ಪಪ್ಪಾಯಿ ಒಂಬತ್ತು ಹತ್ತು ತಿಂಗಳು, ಬಾಳೆ ಒಂದು ವರ್ಷ. ನಿಂಬೆಗೆ ಮೂರು ನಾಲ್ಕು ವರ್ಷ ಕಾಯಬೇಕು. ಒಂದು ಗುಂಟೆಯಲ್ಲಿ ಮಾವು, ಹಲಸು, ತೆಂಗು ಎಲ್ಲಾ ತುರುಕಿದರೆ ಹತ್ತು ವರ್ಷಕ್ಕೆ ಕಾಡು ಆಗುತ್ತದೆ, ತರಕಾರಿ ಹೋಗುತ್ತದೆ. ದೊಡ್ಡ ಮರಗಳಿಗೆ ಹೊಲದ ಬದು ಇದೆ.

ಎರಡನೇ ವರ್ಷ ಕೋಳಿ. ಐದು ನಾಟಿ ಹೇಟೆ, ಒಂದು ಹುಂಜ. ನೂರು ಬೇಡ. ನಮ್ಮ ಕಡೆ ಒಬ್ಬ ಹುಡುಗ, ಹೆಸರು ಬೇಡ, ಒಂದೇ ಸಲ ನೂರು ಮರಿ ತಂದ. ಮರಿಗಳಿಗೆ ಕಾವು ಕೊಡುವ ಬಲ್ಬು ರಾತ್ರಿ ಕರೆಂಟಿನ ಜೊತೆ ಹೋಯಿತು. ಲಸಿಕೆಯೂ ಹಾಕಿಸಿರಲಿಲ್ಲ. ಒಂದು ತಿಂಗಳಲ್ಲಿ ಗೂಡಿನಲ್ಲಿ ಉಳಿದದ್ದು ಹನ್ನೊಂದು. ಅವನು ಸೋಮಾರಿ ಅಲ್ಲ. ಕಲಿಯುವುದಕ್ಕೆ ಮೊದಲೇ ದೊಡ್ಡದಾಗಿ ಹಾಕಿದ, ಅಷ್ಟೇ. ಈಗ ಅದೇ ಹುಡುಗ ಆರು ಹೇಟೆ ಇಟ್ಟುಕೊಂಡು ಚೆನ್ನಾಗಿ ಮಾಡುತ್ತಿದ್ದಾನೆ.

ನಾಟಿ ಹೇಟೆ ವರ್ಷಕ್ಕೆ 60-80 ಮೊಟ್ಟೆ ಇಡುತ್ತದೆ, ತಾನೇ 21 ದಿನ ಕಾವು ಕೂತು ಮರಿ ಮಾಡುತ್ತದೆ. ಬೆಂಗಳೂರಿನ ಪಶುವೈದ್ಯಕೀಯ ಕಾಲೇಜಿನಲ್ಲಿ ಬೆಳೆಸಿದ ಗಿರಿರಾಜ ತಳಿ ಮೊಟ್ಟೆಯನ್ನೂ ಜಾಸ್ತಿ ಇಡುತ್ತದೆ, ತೂಕವೂ ಬರುತ್ತದೆ, ಆದರೆ ಕಾವು ಕೂರುವ ಗುಣ ಕಡಿಮೆ. ಅದರ ಮೊಟ್ಟೆಯನ್ನು ನಾಟಿ ಹೇಟೆ ಕೆಳಗೇ ಇಡಬೇಕು. ರಾತ್ರಿ ಗೂಡಿನಲ್ಲಿ ಒಂದು ಕೋಳಿಗೆ 2 ಚದರ ಅಡಿ ಜಾಗ ಇರಲಿ, ನೆಲದಿಂದ ಎತ್ತರಿಸಿ, ಮುಂಗುಸಿ, ಬೆಕ್ಕು ನುಗ್ಗದ ಹಾಗೆ ಜಾಲರಿ ಹೊಡೆಯಿರಿ. ಪಾತಿಗೆ ಬೇಲಿ ಇಲ್ಲದೆ ಕೋಳಿ ಬಿಟ್ಟರೆ ಒಂದೇ ಬೆಳಿಗ್ಗೆಯಲ್ಲಿ ಸಸಿಯೆಲ್ಲ ಕೆದರಿ ಹಾಕುತ್ತದೆ, ಅದನ್ನೂ ನೆನಪಿಡಿ.

ಕೋಳಿಗೆ ದೊಡ್ಡ ಶತ್ರು ರಾಣಿಖೇತ್, ಕೊಕ್ಕರೆ ರೋಗ ಅಂತಲೂ ಅನ್ನುತ್ತಾರೆ. ಬಂದ ಮೇಲೆ ಔಷಧ ಇಲ್ಲ, ಬರುವ ಮುಂಚೆ ಲಸಿಕೆ ಇದೆ. ಮರಿಗೆ ಮೊದಲ ವಾರ ಹನಿ ಲಸಿಕೆ, ಎಂಟು ವಾರದ ಹೊತ್ತಿಗೆ ಚುಚ್ಚುಮದ್ದು, ಮಿಕ್ಕಿದ್ದು ಪಶುವೈದ್ಯರು ಹೇಳಿದ ಹಾಗೆ. ಇಲ್ಲೊಂದು ತೊಡಕಿದೆ. ಲಸಿಕೆಯ ಸೀಸೆ ನೂರಾರು ಕೋಳಿಯ ಲೆಕ್ಕದಲ್ಲಿ ಬರುತ್ತದೆ, ಒಡೆದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಆರು ಕೋಳಿ ಇರುವವಳು ಒಬ್ಬಳೇ ಹೋಗಿ ಕೇಳಿದರೆ ಯಾರು ಸೀಸೆ ಒಡೆಯುತ್ತಾರೆ? ಒಂದು ಬೀದಿಯ ಇಪ್ಪತ್ತು ಮನೆಯವರು ಒಂದು ದಿನ ಗೊತ್ತು ಮಾಡಿ ಒಟ್ಟಿಗೆ ಹಾಕಿಸಿದರೆ ಒಂದು ಸೀಸೆ ಇಡೀ ಬೀದಿಯ ಕೋಳಿ ಉಳಿಸುತ್ತದೆ. ಸಹಕಾರ ಅಂದರೆ ಇದೇ ಅಲ್ಲವೇ?

ಕೊನೆಗೆ ಹಸು. ನಾನು ಹಸುವಿನ ವಿರೋಧಿ ಅಲ್ಲ. ಆದರೆ ಲೆಕ್ಕ ಗೊತ್ತಿರಲಿ. ದಿನಕ್ಕೆ 10 ಲೀಟರ್ ಕರೆಯುವ ಮಿಶ್ರತಳಿ ಹಸುವಿಗೆ 25 ಕೆಜಿ ಹಸಿ ಹುಲ್ಲು, 5 ಕೆಜಿ ಒಣ ಹುಲ್ಲು ಬೇಕು. ಹಿಂಡಿ ದೇಹಕ್ಕೆ ಒಂದೂವರೆ ಕೆಜಿ, ಕರೆಯುವ ಪ್ರತಿ ಲೀಟರಿಗೆ 400 ಗ್ರಾಂ, ಒಟ್ಟು ಐದೂವರೆ ಕೆಜಿ. ಕುಡಿಯಲು 60-80 ಲೀಟರ್ ನೀರು. ವರ್ಷಕ್ಕೆ ಹಸಿ ಹುಲ್ಲೇ 9 ಟನ್ನಿಗೆ ಮೇಲಾಯಿತು. ನೀರಾವರಿ ಇರುವ 8-10 ಗುಂಟೆಯಲ್ಲಿ ಕೋ-4 ಹುಲ್ಲೋ ಅಂಥದ್ದೋ ಬೆಳೆದು ನಿಂತಿರಬೇಕು, ಆಮೇಲೆ ಹಸು ತರಬೇಕು. ಹಸು ತಂದು ಹುಲ್ಲು ಹುಡುಕುವವನು ಹಾಲಿನ ದುಡ್ಡನ್ನೆಲ್ಲ ಮೇವಿಗೇ ಕೊಡುತ್ತಾನೆ.

ಇನ್ನೊಂದು ಸಂಗತಿ, ಕಂತು ಕಟ್ಟುವವರು ಕಿವಿಗೊಟ್ಟು ಕೇಳಿ. ಹಸು ವರ್ಷ ಪೂರ್ತಿ ಹಾಲು ಕೊಡುವುದಿಲ್ಲ. ಹತ್ತು ತಿಂಗಳು ಕರೆದರೆ, ಕರು ಹಾಕುವ ಮುಂಚೆ ಎರಡು ತಿಂಗಳು ಬತ್ತಿಸಲೇಬೇಕು. ಗಬ್ಬ ನಿಲ್ಲುವುದು ತಡವಾದರೆ ಹಾಲಿಲ್ಲದ ತಿಂಗಳು ಇನ್ನೂ ಜಾಸ್ತಿ. ಹಾಲು ನಿಂತರೂ ಹೊಟ್ಟೆ ನಿಲ್ಲುವುದಿಲ್ಲ, ಸಂಘದ ಕಂತೂ ನಿಲ್ಲುವುದಿಲ್ಲ. ಕರೆಯುವ ತಿಂಗಳುಗಳಲ್ಲೇ ಆ ಎರಡು ಮೂರು ತಿಂಗಳ ಕಂತನ್ನು ಎತ್ತಿಡಬೇಕು. 2022ರಲ್ಲಿ ಚರ್ಮಗಂಟು ರೋಗ ಬಂದಾಗ ವಿಮೆ ಇಲ್ಲದ ಹಸು ಕಳೆದುಕೊಂಡವರ ಕಷ್ಟ ಹೇಳತೀರದು. ಹಸು ತಂದ ದಿನವೇ ವಿಮೆ ಮಾಡಿಸಿ, ಆಮೇಲೆ ಪೂಜೆ ಮಾಡಿ.

ಈ ಎಲ್ಲದಕ್ಕೂ ಒಂದು ಪುಸ್ತಕ ಇಡಿ. ಸಂಘದ ಪಾಸ್ ಪುಸ್ತಕದ ಹಾಗೆ ಎಡಗಡೆ ಖರ್ಚು, ಬಲಗಡೆ ಹಿತ್ತಲಿಂದ ಬಂದದ್ದು. ಮನೆಯಲ್ಲಿ ತಿಂದ ಸೊಪ್ಪನ್ನೂ, ನೆಂಟರಿಗೆ ಕೊಟ್ಟ ಮೊಟ್ಟೆಯನ್ನೂ ಸಂತೆ ಬೆಲೆಗೆ ಬರೆಯಿರಿ. ಬರೆಯದಿದ್ದರೆ ‘ಹಿತ್ತಲಿಂದ ಏನು ಬಂತು ಮಹಾ’ ಅನ್ನುವ ಮಾತು ಬರುತ್ತದೆ. ಆ ಮಾತು ಬೀಳುವುದು ಯಾವಾಗಲೂ ಹೆಂಗಸರ ದುಡಿಮೆ ಮೇಲೆ. ಮೊಟ್ಟೆ, ಸೊಪ್ಪು ಮಾರಿದ ಹಣ ಮನೆಯ ಹೆಣ್ಣುಮಕ್ಕಳ ಕೈಯಲ್ಲೇ ಇರಲಿ, ಅವರ ಹೆಸರಿನ ಖಾತೆಗೇ ಬರಲಿ ಅಂತ ಗಂಡಸರಲ್ಲಿ ನನ್ನ ಪ್ರಾರ್ಥನೆ. ಒಂದು ವರ್ಷ ಆ ಪುಸ್ತಕ ಸರಿಯಾಗಿ ಬರೆದು ಮಂಡಳಿ ಮುಂದೆ ಇಟ್ಟವರ ಸಾಲದ ಅರ್ಜಿಗೆ ನಾನಂತೂ ಮೊದಲು ಕೈ ಎತ್ತುತ್ತೇನೆ. ಪುಸ್ತಕ ಇಲ್ಲದೆ ಎರಡು ಹಸು ಕೇಳಿದವರಿಗೆ ‘ಒಂದು ವರ್ಷ ತಡಿಯಪ್ಪಾ’ ಅಂದರೆ ಬೇಜಾರು ಮಾಡಿಕೊಳ್ಳಬೇಡಿ. ಅದು ಅವರನ್ನು ಉಳಿಸುವ ಮಾತು.

ಸಂಘದ ಮುಂದೆ ಎರಡು ಸಲಹೆ ಇಡುತ್ತೇನೆ. ಒಂದು, ನಮ್ಮ ಗೋದಾಮಿನ ಒಂದು ಮೂಲೆಯಲ್ಲಿ ಬೀಜದ ಡಬ್ಬಿಗಳನ್ನು ಇಡೋಣ. ನಾಟಿ ಅವರೆ, ಹರಿವೆ, ಬದನೆ, ಹೀರೆ, ಸೋರೆ ಬೀಜ ಒಂದು ಹಿಡಿ ತೆಗೆದುಕೊಂಡವರು ಬೆಳೆದ ಮೇಲೆ ಎರಡು ಹಿಡಿ ತಂದು ಹಾಕಲಿ. ಅಂಗಡಿಯ ಹೈಬ್ರಿಡ್ ಬೀಜದಿಂದ ತೆಗೆದ ಬೀಜ ಮುಂದಿನ ಸಲ ಅದೇ ಗುಣ ಕೊಡುವುದಿಲ್ಲ, ಆದ್ದರಿಂದ ಡಬ್ಬಿಗೆ ನಾಟಿ ಬೀಜವೇ ಬರಲಿ. ಎರಡು, ವರ್ಷದಲ್ಲಿ ಎರಡು ದಿನ ಕೋಳಿ ಲಸಿಕೆಯ ದಿನ ಅಂತ ಗೊತ್ತು ಮಾಡಿ ಸಂಘದ ಬೋರ್ಡಿನ ಮೇಲೆ ಬರೆಸೋಣ. ಎರಡಕ್ಕೂ ಹೆಚ್ಚು ಖರ್ಚಿಲ್ಲ.

1905ರಲ್ಲಿ ಗದಗದ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗ ಅದೂ ಒಂದು ಹಳ್ಳಿಯ ಸಣ್ಣ ಕೆಲಸವೇ ಆಗಿತ್ತು. ಸಾಲದ ಬಾಯಿಂದ ರೈತನನ್ನು ಬಿಡಿಸಬೇಕು ಅನ್ನುವುದೇ ಉದ್ದೇಶ. ಸಂಘದಿಂದಲೇ ರೈತ ಸಾಲದ ಬಾಯಿಗೆ ಬೀಳುವಂತಾದರೆ ಆ ಹಿರಿಯರಿಗೆ ನಾವು ಮಾಡುವ ಅಪಚಾರ. ಕೊಡುವ ಸಾಲ ಕೈಗೆ ಹತ್ತಬೇಕು, ಪಡೆದವರು ತಲೆ ಎತ್ತಿ ಬಂದು ಕಂತು ಕಟ್ಟಬೇಕು. ಅದಕ್ಕೆ ದಾರಿ ಸಣ್ಣದಾಗಿ ಶುರು ಮಾಡುವುದು.

ಇವತ್ತು ಮನೆಗೆ ಹೋದ ಮೇಲೆ ಹಿತ್ತಲ ಬಾಗಿಲು ತೆಗೆದು, ಬಿಸಿಲು ಎಲ್ಲಿ ಬೀಳುತ್ತದೆ, ಬಚ್ಚಲ ನೀರು ಎತ್ತ ಹರಿಯುತ್ತದೆ, ಅಷ್ಟು ಮಾತ್ರ ನೋಡಿ. ನಾಳೆ 4 ಅಡಿ ಅಗಲ ಅಳೆದು ಹಗ್ಗ ಕಟ್ಟಿ. ಮುಂದಿನ ವರ್ಷದ ಮಹಾಸಭೆಗೆ ಬರುವಾಗ ನಿಮ್ಮ ಹಿತ್ತಲ ಪುಸ್ತಕ ಕಂಕುಳಲ್ಲಿರಲಿ. 

ಜೈ ಕರ್ನಾಟಕ, ಜೈ ಸಹಕಾರ.